ಕಾಸರಗೋಡಿನವರು ಬರುವ ಶನಿವಾರ

ದೊಡ್ಡ ಟೀಮನ್ನು ಆಟಕ್ಕೆ ಕರೆಯುವುದು ಮದುವೆಗೆ ಕರೆಯುವುದಕ್ಕಿಂತ ಕಷ್ಟ. ಮದುವೆಗಾದರೆ ಸಂಬಂಧದ ಹಂಗು ಉಂಟು, ಬಾರದಿದ್ದರೆ ನಾಳೆ ಮುಖ ತೋರಿಸಬೇಕು. ಕಾಪುವಿನ ಸಣ್ಣ ಕಾಲೇಜಿನ ಹುಡುಗಿಯರ ಜೊತೆ ಫುಟ್‌ಬಾಲ್ ಆಡಲು ಬನ್ನಿ ಎಂದರೆ ದೊಡ್ಡವರು ಕೇಳುವುದು ಒಂದೇ ಮಾತು: ಗೆದ್ದರೆ ನಮಗೆ ಎಂತ ಸಿಗುತ್ತದೆ? ಅದಕ್ಕೆ ಐರಿನ್ ಹತ್ತಿರ ಉತ್ತರವಿರಲಿಲ್ಲ. ಆದರೂ ಜೂನ್ ತಿಂಗಳಿನಿಂದ ಅವಳು ಫೋನ್ ಮಾಡುತ್ತಲೇ ಇದ್ದಳು. ಕಾರ್ಕಳದಿಂದ ಬೆಳ್ಮಣ್ ದಾರಿಯಾಗಿ ಬರುವ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿದರೆ ಬಸ್ಸಿನಲ್ಲಿಯೇ, ಇಲ್ಲವಾದರೆ ಕಾಲೇಜಿನ ಸ್ಪೋರ್ಟ್ಸ್ ರೂಮಿನಲ್ಲಿ, ಗಾಳಿ ಹೋದ ಚೆಂಡುಗಳ ನಡುವೆ ಕುಳಿತು.

ಅವಳು ಆ ಕಾಲೇಜಿನ ದೈಹಿಕ ಶಿಕ್ಷಣದ ಮಿಸ್. ಮದುವೆಯಾಗಿಲ್ಲ. ಮಂಡಿ ನೋಯುತ್ತದೆ. ಅವಳ ಹುಡುಗಿಯರು ಪ್ರತಿ ವರ್ಷ ತಾಲೂಕಿನ ಕಪ್ ಗೆಲ್ಲುತ್ತಾರೆ. ಎದುರು ಆಡುವವರು ಯಾವಾಗಲೂ ಅದೇ ನಾಲ್ಕು ಕಾಲೇಜಿನವರು. ಅವರಲ್ಲಿ ಒಬ್ಬರು ಕಬಡ್ಡಿ ಟೀಮಿಗೇ ಶೂ ಹಾಕಿಸಿ ಕಳಿಸುತ್ತಾರೆ, ಇನ್ನೊಬ್ಬರ ಕೀಪರ್ ಚೆಂಡು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಕಪ್ ಬಂದ ಮರುದಿನ ಕಾಲೇಜಿನ ಗೇಟಿಗೆ ಅಭಿನಂದನೆಯ ಫ್ಲೆಕ್ಸ್ ಏರುತ್ತದೆ. ಆಮೇಲೆ ಯೂನಿವರ್ಸಿಟಿ ಟೂರ್ನಮೆಂಟು. ಅಲ್ಲಿ ಮೊದಲ ಮ್ಯಾಚಿನಲ್ಲಿಯೇ ಎಂಟು ಗೋಲು ತಿಂದು, ಮಧ್ಯಾಹ್ನದ ಊಟಕ್ಕೆ ಮೊದಲೇ ಬ್ಯಾಗು ಕಟ್ಟಿಕೊಂಡು ಊರಿಗೆ ಬರುವುದು. ಆಗ ಗೇಟಿನ ಫ್ಲೆಕ್ಸ್ ಇನ್ನೂ ಹರಿದಿರುವುದಿಲ್ಲ. ಹುಡುಗಿಯರು ಅದರ ಕೆಳಗಿನಿಂದಲೇ ತಲೆ ತಗ್ಗಿಸಿ ಒಳಗೆ ಬರುತ್ತಾರೆ.

"ಈ ವರ್ಷ ಮೊದಲೇ ದೊಡ್ಡವರ ಜೊತೆ ಆಡಿಸುತ್ತೇನೆ ಸರ್," ಎಂದು ಅವಳು ಪ್ರಿನ್ಸಿಪಾಲ್ ಲೂಯಿಸ್ ಸರ್ ಹತ್ತಿರ ಹೇಳಿದ್ದಳು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸೋಲನ್ನು ಹುಡುಕಿಕೊಂಡು ಹೋಗುವುದಾ ಐರಿನ್?"

"ಗೆದ್ದು ಗೆದ್ದು ಹಾಳಾಗಿದ್ದಾರೆ ಸರ್. ಆಟ ಅಂದರೆ ಇಷ್ಟೇ ಅಂದುಕೊಂಡಿದ್ದಾರೆ."

"ಹಾಳಾಗಲಿ, ಇದ್ದಾರಲ್ಲ. ಸೋಲಿಸಿ ಸೋಲಿಸಿ ಟೀಮೇ ಇಲ್ಲದ ಹಾಗೆ ಮಾಡಬೇಡಿ. ಹುಡುಗಿಯರನ್ನು ಗ್ರೌಂಡಿಗೆ ತರುವುದು ಎಷ್ಟು ಕಷ್ಟ ಅಂತ ನಿಮಗಿಂತ ಹೆಚ್ಚು ಯಾರಿಗೆ ಗೊತ್ತು?"

ಅದು ಗೊತ್ತಿತ್ತು. ಮನೆಮನೆಗೆ ಹೋಗಿ, ಚಡ್ಡಿ ಮೊಣಕಾಲಿನ ಕೆಳಗೇ ಬರುತ್ತದೆ ಎಂದು ತಾಯಂದಿರಿಗೆ ಮಾತು ಕೊಟ್ಟು ತಂದ ಹುಡುಗಿಯರು ಅವರು. ಅವರು ಒಬ್ಬೊಬ್ಬರಾಗಿ ಬಿಟ್ಟುಹೋದರೆ ಅವಳ ಕೈಯಲ್ಲಿ ಉಳಿಯುವುದು ಸೀಟಿ ಮಾತ್ರ. ಹೆದರಿಕೆ ಅವಳಿಗೂ ಇತ್ತು. ಆದರೆ ಆ ಫ್ಲೆಕ್ಸಿನ ಕೆಳಗೆ ಇನ್ನೊಂದು ವರ್ಷ ಅವರನ್ನು ನಡೆಸುವುದು ಬೇಡ ಅನಿಸಿತ್ತು.

ಸಮಸಮ ಇರುವವರು ಸಿಕ್ಕಿದ್ದರೆ ಚೆನ್ನಾಗಿತ್ತು. ಅಂಥವರು ಜಾರಿಕೊಳ್ಳುತ್ತಾರೆ. ಕಾರ್ಕಳದ ಒಂದು ಕಾಲೇಜಿನ ಸಿಲ್ವೆಸ್ಟರ್ ಅವಳ ಜೊತೆಯಲ್ಲೇ ಓದಿದವನು, ಒಂದೇ ಇಗರ್ಜಿಯವನು. "ನಿನ್ನವರ ಹತ್ತಿರ ಸೋತರೆ ನಮ್ಮ ಮ್ಯಾನೇಜ್‌ಮೆಂಟಿಗೆ ನಾನು ಎಂತ ಹೇಳಲಿ ಮಾರಾಯ್ತಿ?" ಎಂದು ನಕ್ಕು ಫೋನ್ ಇಟ್ಟ. ಕೊನೆಗೆ ಒಪ್ಪಿದ್ದು ಇಬ್ಬರು. ಮೊದಲನೆಯದು ಮಣಿಪಾಲದ ಒಂದು ಟೀಮು, ಅದೂ ಅವರದ್ದೇ ಗ್ರೌಂಡಿನಲ್ಲಿ, ಬೆಳಿಗ್ಗೆ ಬೇಗ ಬಂದರೆ ಮಾತ್ರ. ಎರಡನೆಯದು ಕಾಸರಗೋಡಿನ ಕಡೆಯ ಒಂದು ಕಾಲೇಜು. ಅಲ್ಲಿನ ಹುಡುಗಿಯರು ಗದ್ದೆಯಲ್ಲಿ ಅಣ್ಣಂದಿರ ಜೊತೆ ಆಡಿ ಬೆಳೆದವರು.

ಮಣಿಪಾಲದಲ್ಲಿ ಜುಲೈಯಲ್ಲಿ ಒಂಬತ್ತು ಗೋಲು ಬಿತ್ತು. ಕೀಪರ್ ಶಾರ್ಲೆಟ್ ಐದನೆಯದರ ನಂತರ ಚೆಂಡು ತರಲು ಬಲೆಯೊಳಗೆ ಹೋದವಳು ಹೊರಗೆ ಬರಲು ಬಹಳ ಹೊತ್ತು ಮಾಡಿದಳು. ವಾಪಸು ಬರುವಾಗ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಐರಿನ್ ಎಲ್ಲರಿಗೂ ಗೋಳಿಬಜೆ ಕಟ್ಟಿಸಿದಳು. ಪೊಟ್ಟಣ ಕಾಪುವಿನವರೆಗೂ ಬಿಚ್ಚದೆ ಬಂತು. ಮರುವಾರ ಇಬ್ಬರು ಹುಡುಗಿಯರು ಥ್ರೋಬಾಲಿಗೆ ಹೋದರು. ಹೋಗುವಾಗ ಹೇಳಿ ಹೋಗಲಿಲ್ಲ, ಶೂ ಮಾತ್ರ ತೊಳೆದು ಇಟ್ಟು ಹೋಗಿದ್ದರು.

"ಕಾಸರಗೋಡಿನವರನ್ನು ಬೇಡ ಅಂತ ಹೇಳಿಬಿಡಿ ಈಗ," ಎಂದರು ಲೂಯಿಸ್ ಸರ್.

"ಮಾತು ಕೊಟ್ಟಾಗಿದೆ ಸರ್."

ತಾರೀಕನ್ನು ಅವಳು ಬಹಳ ಜಾಗ್ರತೆಯಿಂದ ಆರಿಸಿದ್ದಳು. ಪರೀಕ್ಷೆ ನೋಡಿದಳು. ಆಗಸ್ಟಿನ ಮಳೆ ಬಿಟ್ಟಳು. ತೆನೆಹಬ್ಬಕ್ಕೆ ತನ್ನ ಕ್ರಿಶ್ಚಿಯನ್ ಹುಡುಗಿಯರು ಮನೆಯಲ್ಲಿರಬೇಕು ಎಂದು ಅದರ ಹಿಂದಿನ ಶನಿವಾರ ಬಿಟ್ಟಳು. ಸರಕಾರಿ ರಜೆಗಳ ಪಟ್ಟಿಯಲ್ಲಿ ಕೃಷ್ಣ ಜನ್ಮಾಷ್ಟಮಿ ಆಗಸ್ಟಿನಲ್ಲಿತ್ತು. ಅಷ್ಟಮಿ ಮುಗಿದ ಮೇಲೆ ಎಲ್ಲರೂ ಬಿಡುವಾಗಿರುತ್ತಾರೆ ಎಂದುಕೊಂಡು ಸೆಪ್ಟೆಂಬರಿನ ಎರಡನೆಯ ಶನಿವಾರ ಹಿಡಿದಳು. ಬೋರ್ಡಿನಲ್ಲಿ ಬರೆದಳು. ಹುಡುಗಿಯರು ಓದಿದರು, ಯಾರೂ ಏನೂ ಹೇಳಲಿಲ್ಲ.

ಶುಕ್ರವಾರ ಸಂಜೆ ಪ್ರಾಕ್ಟೀಸಿಗೆ ಬಂದವರು ಐದು ಮಂದಿ.

"ಉಳಿದವರು ಎಲ್ಲಿ?" ಎಂದು ಐರಿನ್ ಕೇಳಿದಳು.

ಕ್ಯಾರೆನ್ ಎಂಬ ಬ್ಯಾಕ್ ಆಡುವ ಹುಡುಗಿ ಲೇಸು ಕಟ್ಟುತ್ತಾ ಮುಖ ಎತ್ತದೆ ಹೇಳಿದಳು, "ಹೂವು ಮಿಸ್. ನಾಡಿದ್ದು ಅಷ್ಟಮಿ ಅಲ್ವಾ."

"ಅಷ್ಟಮಿ ಹೋದ ತಿಂಗಳೇ ಆಯಿತಲ್ಲ!"

"ಅದು ಬೇರೆಯವರದ್ದು ಮಿಸ್. ಉಡುಪಿ ಮಠದ್ದು ಈಗ. ಇಲ್ಲಿಯವರು ಸೌರಮಾನ ಲೆಕ್ಕ ಹಿಡಿಯುವುದು."

ಐರಿನ್ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡು ನಿಂತಳು. ಇಷ್ಟು ವರ್ಷ ಈ ಸೀಮೆಯಲ್ಲಿ ಕೆಲಸ ಮಾಡಿ, ರಸ್ತೆಯಲ್ಲಿ ಹುಲಿವೇಷ ಕುಣಿಯುವುದನ್ನು ನೋಡಿ, ಬಸ್ಸು ಸಿಗದೆ ಬೈದುಕೊಂಡು, ಕೊನೆಗೆ ಸರಕಾರದ ಪಟ್ಟಿ ನಂಬಿ ಕೂತಿದ್ದಳು. ಅವಳ ಟೀಮಿನ ಅರ್ಧಕ್ಕಿಂತ ಹೆಚ್ಚು ಹುಡುಗಿಯರು ಶಂಕರಪುರದ ಸುತ್ತಿನವರು. ಅಲ್ಲಿ ಮನೆ ಎಂದರೆ ಮಲ್ಲಿಗೆ ಗಿಡ. ಬೆಳಗಾಗುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹತ್ತು ಗಂಟೆಯೊಳಗೆ ಹೂವಿನ ವ್ಯಾಪಾರದ ಕಟ್ಟೆಗೆ ಮುಟ್ಟಿಸಬೇಕು. ಅಷ್ಟಮಿಯ ಹಿಂದಿನ ದಿನವಂತೂ ಇಡೀ ಉಡುಪಿಗೆ ಹೂವು ಬೇಕು. ಆ ದಿನ ಮನೆಯ ಹೆಣ್ಣುಮಕ್ಕಳನ್ನು ಆಟಕ್ಕೆ ಕಳಿಸಿ ಎಂದರೆ ಸೌದೆ ಹಿಡಿದು ಹೊಡೆಯಲು ಬರುವವರೂ ಇದ್ದಾರೆ.

"ನನಗೆ ಯಾರಾದರೂ ಹೇಳಬಹುದಿತ್ತಲ್ಲ ಮಕ್ಕಳೇ?"

ಕ್ಯಾರೆನ್ ಇನ್ನೊಂದು ಶೂವಿನ ಲೇಸನ್ನೂ ಬಿಚ್ಚಿ ಕಟ್ಟಿದಳು.

ಐರಿನ್ ಕಾಸರಗೋಡಿಗೆ ಫೋನ್ ಮಾಡಿದಳು. ಅಲ್ಲಿಯ ಕೋಚ್ ನಫೀಸ ಟೀಚರ್ ಗಡಿನಾಡಿನವಳು, ಕನ್ನಡ ಸಲೀಸು. "ಬೆಳಿಗ್ಗೆಯ ಬದಲು ಮಧ್ಯಾಹ್ನ ಮೂರಕ್ಕೆ ಇಟ್ಟುಕೊಳ್ಳುವಾ?" ಎಂದು ಐರಿನ್ ಕೇಳಿದಳು.

"ಬಸ್ಸಿನವರನ್ನು ಒಪ್ಪಿಸಬೇಕು ಟೀಚರ್. ಸರಿ, ಒಪ್ಪಿಸುತ್ತೇನೆ. ಆದರೆ ಇನ್ನು ಬದಲು ಮಾಡಬೇಡಿ. ನಿಮ್ಮಲ್ಲಿಗೆ ಬರುವುದಕ್ಕೆ ನಾನು ನಮ್ಮವರ ಹತ್ತಿರ ಎಷ್ಟು ಮಾತು ಕೇಳಿದ್ದೇನೆ ಗೊತ್ತುಂಟಾ? ಅಷ್ಟು ದೂರ ಹೋಗಿ ಸಣ್ಣವರನ್ನು ಸೋಲಿಸಿ ಬರುವುದಾ ಅಂತ."

"ಬದಲಿಲ್ಲ. ಊಟಕ್ಕೆ ಕೋಳಿ ಹಲಾಲ್ ಅಂಗಡಿಯಿಂದಲೇ ಹೇಳಿದ್ದೇನೆ."

"ಅಯ್ಯೋ ಟೀಚರ್, ಊಟ ಇರಲಿ. ನಿಮ್ಮ ಹುಡುಗಿಯರನ್ನು ಇಡಿ."

ಶನಿವಾರ ಬೆಳಿಗ್ಗೆ ಐರಿನ್ ಶಂಕರಪುರದಲ್ಲಿ ಬಸ್ಸಿಳಿದಳು. ರಸ್ತೆಯ ಆಚೆ ಈಚೆ ಜಗಲಿಗಳಲ್ಲೆಲ್ಲ ಬಗ್ಗಿದ ತಲೆಗಳು. ಎಲ್ಲರ ಮಡಿಲಲ್ಲೂ ಮೊಗ್ಗು. ಕ್ಯಾಪ್ಟನ್ ಹರ್ಷಿಣಿಯ ಮನೆ ತಿರುವಿನಲ್ಲಿ. ಅವಳನ್ನು ಒಪ್ಪಿಸಿದರೆ ಉಳಿದವರು ಹಿಂದೆ ಬರುತ್ತಾರೆ ಎನ್ನುವುದು ಐರಿನ್‌ಳ ಲೆಕ್ಕ. ಅದು ಯಾವಾಗಲೂ ಹಾಗೆಯೇ ಆಗಿದೆ.

ಹರ್ಷಿಣಿಯ ತಾಯಿ ಅಪ್ಪಿ ಒದ್ದೆ ಬಟ್ಟೆಯ ಮೇಲೆ ಮೊಗ್ಗು ಹರವಿಕೊಂಡು ಕೂತಿದ್ದಳು. ಕೈ ನಿಲ್ಲಿಸದೆಯೇ, ಊರಿನವರು ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಕೂಗಿದಳು. "ಹೋ, ಬಾಯಮ್ಮ ಬಂದರು! ಬನ್ನಿ ಬನ್ನಿ ಬಾಯಮ್ಮ. ಕುರ್ಚಿ ಒಳಗೆ ಉಂಟು, ನೀವೇ ತಂದುಕೊಳ್ಳಬೇಕು, ನನಗೆ ಏಳಲಿಕ್ಕೆ ಆಗುವುದಿಲ್ಲ."

"ಬಾಯಮ್ಮ ಅಲ್ಲಮ್ಮ, ಮಿಸ್ ಅನ್ನು," ಎಂದಳು ಹರ್ಷಿಣಿ ಹಲ್ಲು ಕಚ್ಚಿ.

"ನಿನಗೆ ಮಿಸ್ಸು. ನನಗೆ ಬಾಯಮ್ಮ. ಅವರಿಗೆ ಬೇಜಾರಿಲ್ಲ. ಬೇಜಾರುಂಟಾ ಬಾಯಮ್ಮ?"

"ಇಲ್ಲ," ಎಂದು ಐರಿನ್ ನೆಲದಲ್ಲೇ ಕೂತಳು. ಮಂಡಿ ಬಗ್ಗಿಸುವಾಗ ಒಮ್ಮೆ ಕಣ್ಣು ಮುಚ್ಚಿಕೊಂಡಳು. ಸುಮ್ಮನೆ ಇರಲಾರದೆ ಒಂದು ಎಳೆ ನಾರು ತೆಗೆದುಕೊಂಡು ನಾಲ್ಕು ಮೊಗ್ಗು ಇಟ್ಟು ಗಂಟು ಹಾಕಿದಳು. ಎತ್ತಿದಾಗ ಎರಡು ಜಾರಿ ಬಿದ್ದವು.

"ಅದನ್ನು ಇಲ್ಲಿ ಕೊಡಿ ಬಾಯಮ್ಮ," ಎಂದು ಅಪ್ಪಿ ಕಸಿದುಕೊಂಡಳು. "ನೀವು ಸಹಾಯ ಮಾಡಿದರೆ ನಮಗೆ ರಾತ್ರಿ ಆದೀತು."

ಹರ್ಷಿಣಿಗೆ ನಗು ಬಂತು, ಆದರೆ ನಗಲಿಲ್ಲ. ಅವಳ ಬೆರಳುಗಳು ಮಾತ್ರ ಓಡುತ್ತಿದ್ದವು. ಗ್ರೌಂಡಿನಲ್ಲಿ ಇಷ್ಟು ಬೇಗ ಅವಳ ಕಾಲು ಓಡಿದ್ದನ್ನು ಐರಿನ್ ನೋಡಿರಲಿಲ್ಲ.

"ಮ್ಯಾಚು ಮೂರಕ್ಕೆ ಇಟ್ಟಿದ್ದೇನೆ ಹರ್ಷಿಣಿ. ಹೂವು ಹೋದ ಮೇಲೆ. ತಪ್ಪು ನನ್ನದೇ, ಅಷ್ಟಮಿ ನೋಡದೆ ತಾರೀಕು ಹಾಕಿದೆ. ಅವರ ಬಸ್ಸು ಇನ್ನೇನು ಹೊರಡುತ್ತದೆ. ನೀನು ಉಳಿದವರಿಗೆ ಹೇಳುತ್ತೀಯಲ್ಲ?"

ಹರ್ಷಿಣಿ ಒಂದು ಮಾಲೆಯ ತುದಿ ಕಟ್ಟಿ, ಬಾಳೆಲೆಯ ಮೇಲೆ ಸುತ್ತಿಟ್ಟು, ಇನ್ನೊಂದು ನಾರು ಎಳೆದಳು.

"ಅವಳು ಬರುತ್ತಾಳೆ ಬಾಯಮ್ಮ," ಎಂದಳು ಅಪ್ಪಿ. "ಹತ್ತಕ್ಕೆ ಹೂವು ಕಳಿಸಿ ಒಂದು ನಿದ್ದೆ ಮಾಡಿ ಬರಲಿ. ನಾನು ಬೇಡ ಅನ್ನುವುದಿಲ್ಲ. ನಾನು ಯಾವತ್ತು ಬೇಡ ಅಂದೆ?"

"ಅಮ್ಮ, ಸುಮ್ಮನಿರು."

"ಎಂತ ಸುಮ್ಮನಿರುವುದು? ಮನೆಯಲ್ಲಿ ಬಿಡುವುದಿಲ್ಲ ಅಂತ ನನ್ನ ಹೆಸರು ಹೇಳಿದೆಯಾ ನೀನು?"

ಹರ್ಷಿಣಿಯ ಕೈ ನಿಂತಿತು. ಅವಳು ಮೊದಲ ಸಲ ಐರಿನ್‌ಳ ಮುಖ ನೋಡಿದಳು. ಅತ್ತಿರಲಿಲ್ಲ. ಬಹಳ ದಿನದಿಂದ ನಿದ್ದೆ ಕೆಟ್ಟವರ ಮುಖದ ಹಾಗೆ ಇತ್ತು.

"ನಮಗೆ ಗೊತ್ತಿತ್ತು ಮಿಸ್," ಎಂದಳು.

"ಎಂತ ಗೊತ್ತಿತ್ತು?"

"ಇವತ್ತು ಹೂವಿನ ದಿನ ಅಂತ. ನೀವು ಬೋರ್ಡಿನಲ್ಲಿ ಬರೆದ ದಿನವೇ ಗೊತ್ತಿತ್ತು. ನಾನೇ ಹೇಳಿದೆ, ಯಾರೂ ಮಿಸ್ ಹತ್ತಿರ ಹೇಳಬೇಡಿ, ಕೊನೆಗೆ ಅದಾಗಿಯೇ ನಿಂತು ಹೋಗುತ್ತದೆ ಅಂತ."

ಐರಿನ್‌ಗೆ ಕೋಪ ಬರಬೇಕಿತ್ತು. ಬರಲಿಲ್ಲ. ಕಾರ್ಕಳದಿಂದ ಬಂದ ಬಸ್ಸು, ಮಣಿಪಾಲದ ಒಂಬತ್ತು ಗೋಲು, ಕಾಸರಗೋಡಿಗೆ ಮಾಡಿದ ಫೋನುಗಳು ಎಲ್ಲ ಒಟ್ಟಿಗೆ ಬಂದು ಹೆಗಲ ಮೇಲೆ ಕೂತ ಹಾಗಾಯಿತು.

"ಯಾಕೆ?"

"ಮಣಿಪಾಲದಲ್ಲಿ ಅವರು ಕೊನೆಗೆ ನಮಗೆ ಚೆಂಡು ಬಿಟ್ಟು ಕೊಡುತ್ತಿದ್ದರು ಮಿಸ್. ನೀವು ನೋಡಲಿಲ್ಲ. ಪಾಪ ಅಂತ. ಒಬ್ಬಳು ನನಗೆ ತಗೋ ತಗೋ ಅಂದಳು, ನಾಯಿಮರಿಗೆ ಹೇಳುವ ಹಾಗೆ." ಹರ್ಷಿಣಿ ಮತ್ತೆ ಕಟ್ಟತೊಡಗಿದಳು. "ಒಂಬತ್ತು ಗೋಲು ಬಿದ್ದರೂ ನನಗೆ ಏನೂ ಆಗುವುದಿಲ್ಲ. ಅದು ಮಾತ್ರ ಆಗುವುದಿಲ್ಲ ಮಿಸ್. ನಿಮಗೆ ಇದೆಲ್ಲ ನಮ್ಮ ಒಳ್ಳೆಯದಕ್ಕೆ. ಗೊತ್ತುಂಟು. ಆದರೆ ನೀವು ಕೇಳಲಿಲ್ಲ. ಯಾರ ಜೊತೆ ಆಡಬೇಕು ಅಂತ ನಮ್ಮನ್ನು ಯಾವತ್ತೂ ಕೇಳಲಿಲ್ಲ."

ಅಪ್ಪಿ ಮಗಳನ್ನು ನೋಡಿದಳು, ಮಿಸ್ಸನ್ನು ನೋಡಿದಳು. ಒಂದು ಹಿಡಿ ಮೊಗ್ಗು ಎಳೆದುಕೊಂಡು ಬಗ್ಗಿದಳು.

ಐರಿನ್ ಜಗಲಿಯ ಸಿಮೆಂಟಿನ ಮೇಲೆ ಕೈ ಊರಿದಳು. ಅವಳು ತಾರೀಕು ಕೇಳಿದ್ದಳು, ಬಸ್ಸು ಕೇಳಿದ್ದಳು, ಗ್ರೌಂಡು ಕೇಳಿದ್ದಳು, ಕೋಳಿ ಯಾವ ಅಂಗಡಿಯದ್ದು ಎಂದು ಕೂಡ ಕೇಳಿದ್ದಳು. ಈ ಹುಡುಗಿ ಹೇಳುವುದು ಸುಳ್ಳಲ್ಲ.

"ಸರಿ ಹಾಗಾದರೆ," ಎಂದಳು ಕೊನೆಗೆ. "ಈಗ ಕೇಳುತ್ತೇನೆ. ಅವರು ಬರುತ್ತಾರೆ. ಅದನ್ನು ನಿಲ್ಲಿಸಲು ಆಗುವುದಿಲ್ಲ. ನೀವು ಬರದಿದ್ದರೆ ಹುಡುಗಿಯರಿಗೆ ಹುಷಾರಿಲ್ಲ ಅಂತ ನಾನೇ ಏನಾದರೂ ಹೇಳುತ್ತೇನೆ, ಊಟ ಹಾಕಿ ಕಳಿಸುತ್ತೇನೆ. ಆಮೇಲೆ ನಿನ್ನನ್ನು ಏನೂ ಕೇಳುವುದಿಲ್ಲ, ನೀನು ಕ್ಯಾಪ್ಟನ್ ಆಗಿರುವುದು ಬೇಡ ಅನ್ನುವುದೂ ಇಲ್ಲ. ಬಂದರೆ ಮೂರಕ್ಕೆ ಬನ್ನಿ. ನಿಮಗೆ ಬಿಟ್ಟದ್ದು."

ಏಳುವಾಗ ಅಪ್ಪಿ ಕೈ ಕೊಟ್ಟಳು. ಅವಳ ಅಂಗೈ ಹೂವಿನ ನೀರಿನಿಂದ ಒದ್ದೆಯಾಗಿತ್ತು. "ಸುಸ್ತಾಗಿದ್ದೀರಿ ಬಾಯಮ್ಮ. ಒಂದು ಲೋಟ ಚಾ ಕುಡಿದು ಹೋಗಿ ಅನ್ನಬೇಕು, ಇವತ್ತು ಒಲೆಯೇ ಹಚ್ಚಿಲ್ಲ."

ಕಾಸರಗೋಡಿನ ಬಸ್ಸು ಎರಡು ಗಂಟೆಗೇ ಬಂತು. ಎತ್ತರದ, ಗಟ್ಟಿ ಕಾಲಿನ ಹುಡುಗಿಯರು ಹಾಡುತ್ತಾ ಇಳಿದರು. ಒಬ್ಬಳು ತಲೆವಸ್ತ್ರವನ್ನು ಬಿಗಿಯಾಗಿ ಕಟ್ಟಿಕೊಂಡು ಆಗಲೇ ಚೆಂಡನ್ನು ಮೊಣಕಾಲಿನಿಂದ ಹಾರಿಸುತ್ತಿದ್ದಳು. ಲೂಯಿಸ್ ಸರ್ ಗೇಟಿನ ಹತ್ತಿರ ಕೈ ಕಟ್ಟಿ ನಿಂತು ನೋಡಿದರು. "ನಮ್ಮವರು?" ಎಂದು ಕೇಳಿದರು. "ಗೊತ್ತಿಲ್ಲ ಸರ್," ಎಂದಳು ಐರಿನ್. ಅವರು ಬೈಯಲಿಲ್ಲ. ಒಳಗೆ ಹೋಗಿ ಅವಳಿಗೆ ಒಂದು ಕುರ್ಚಿ ಕಳಿಸಿಕೊಟ್ಟರು.

ಕ್ಯಾರೆನ್, ಶಾರ್ಲೆಟ್ ಮತ್ತು ಕಾಲೇಜಿನ ಹತ್ತಿರದವರು ಮೂವರು ಬಂದರು. ಐದು ಮಂದಿಯಿಂದ ಮ್ಯಾಚು ಆಗುವುದಿಲ್ಲ. ನಫೀಸ ಟೀಚರ್ ವಾಚು ನೋಡಿಕೊಳ್ಳುವುದನ್ನು ಐರಿನ್ ಕಂಡೂ ಕಾಣದ ಹಾಗೆ ಮಾಡಿದಳು.

ಮೂರಾಗುವ ಹೊತ್ತಿಗೆ ಗೇಟಿನ ಎದುರು ಒಂದು ಹೂವಿನ ಟೆಂಪೊ ನಿಂತಿತು. ಅದರ ಹಿಂದಿನಿಂದ ಹರ್ಷಿಣಿ ಇಳಿದಳು, ಆಮೇಲೆ ಒಬ್ಬೊಬ್ಬರಾಗಿ ಆರು ಮಂದಿ. ಯಾರೂ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ. ಐರಿನ್ ಕುರ್ಚಿಯಿಂದ ಎದ್ದಳು.

"ಆಡಲಿಕ್ಕೆ ಮನಸ್ಸಾಯಿತಾ?"

"ಇಲ್ಲ ಮಿಸ್," ಎಂದಳು ಹರ್ಷಿಣಿ, ಬಹಳ ಸ್ಪಷ್ಟವಾಗಿ. "ಆದರೆ ಅಷ್ಟು ದೂರದಿಂದ ಬಂದವರನ್ನು ಬರೀ ಊಟ ಹಾಕಿ ಕಳಿಸುವುದು ಹೇಗೆ? ಅಮ್ಮ ಕೇಳಿದರು, ಮನೆಗೆ ಬಂದವರ ಎದುರಿಗೆ ಹೋಗದೆ ಮಲಗಿಕೊಳ್ಳುತ್ತೀಯಾ ಅಂತ. ಒಂದು ಮಾತು ಮಿಸ್. ಅವರು ನಮಗೆ ಚೆಂಡು ಬಿಟ್ಟು ಕೊಡಬಾರದು. ಅದನ್ನು ಅವರ ಟೀಚರಿಗೆ ಹೇಳಿ."

ಐರಿನ್ ಹೋಗಿ ಹೇಳಿದಳು. ನಫೀಸ ಟೀಚರ್ ಹುಬ್ಬೇರಿಸಿದಳು. "ನನ್ನವರಿಗೆ ಬಿಟ್ಟು ಕೊಡಲು ಬರುವುದೇ ಇಲ್ಲ. ಅದನ್ನು ಕಲಿಸಿಲ್ಲ."

ಬರುವುದಿಲ್ಲ ಎನ್ನುವುದು ನಿಜವಾಗಿತ್ತು. ಮೊದಲ ಗೋಲು ಶಾರ್ಲೆಟ್ ಕೈಗವಸು ಸರಿ ಮಾಡಿಕೊಳ್ಳುವುದರೊಳಗೆ ಬಿತ್ತು. ಎರಡನೆಯದು ಕ್ಯಾರೆನ್‌ಳ ಕಾಲಿಗೆ ತಾಗಿ ಒಳಗೆ ಹೋಯಿತು. ಎದುರಿನವರು ನಗಲೂ ಇಲ್ಲ, ಪಾಪ ಅನ್ನಲೂ ಇಲ್ಲ. ಬಿದ್ದವಳನ್ನು ದಾಟಿಕೊಂಡು ಹೋದರು. ಹರ್ಷಿಣಿಯನ್ನು ಒಬ್ಬಳು ಹೆಗಲಿನಿಂದ ದೂಡಿದಾಗ ಹರ್ಷಿಣಿ ತಿರುಗಿ ದೂಡಿದಳು. ರೆಫರಿ ಇಬ್ಬರಿಗೂ ಬೈದ. ಅದರ ನಂತರ ಅವಳು ಬೇರೆ ರೀತಿ ಓಡಿದಳು. ಚೆನ್ನಾಗಿ ಆಡಿದಳು ಎಂದಲ್ಲ. ಸುಸ್ತಾದವರು ಬಸ್ಸು ತಪ್ಪಬಾರದು ಎಂದು ಓಡುತ್ತಾರಲ್ಲ, ಹಾಗೆ. ಒಂದು ಸಲ ಚೆಂಡು ಹಿಡಿದು ಮೂವರನ್ನು ದಾಟಿ ಗೋಲಿನವರೆಗೂ ಹೋದಳು. ಹೊಡೆದದ್ದು ಕಂಬದಿಂದ ಆಚೆ, ಪಾಗಾರದ ಮೇಲಿಂದ ತೆಂಗಿನ ತೋಟಕ್ಕೆ ಹೋಯಿತು. ಹುಡುಕಿ ತರುವವರೆಗೆ ಎರಡೂ ಟೀಮಿನವರು ನೆಲದಲ್ಲಿ ಕೂತರು.

ಆರು ಗೋಲಿಗೆ ಮ್ಯಾಚು ಮುಗಿಯಿತು. ಇವರದ್ದು ಸೊನ್ನೆ.

ಊಟಕ್ಕೆ ಕ್ಯಾರೆನ್‌ಳ ಮನೆಯ, ಇಡ್ಲಿಯಂಥ ಸಾನ್ನಾಂ, ಕೋಳಿ ಸಾರು. ಎರಡೂ ಕಡೆಯ ಹುಡುಗಿಯರು ಮೊದಲು ಬೇರೆ ಬೇರೆ ಕೂತು, ಆಮೇಲೆ ಸಾರು ಕೇಳುವ ನೆಪದಲ್ಲಿ ಬೆರೆತರು. ತಲೆವಸ್ತ್ರದ ಹುಡುಗಿ ಹರ್ಷಿಣಿಯ ಬೆರಳು ಹಿಡಿದು ಮೂಸಿ ನೋಡಿ ಮಲಯಾಳದಲ್ಲಿ ಏನೋ ಹೇಳಿದಳು. "ಇಡೀ ಮ್ಯಾಚು ಮದುವೆ ಮನೆಯಲ್ಲಿ ಆಡಿದ ಹಾಗಿತ್ತಂತೆ," ಎಂದು ಅವರಲ್ಲಿ ಕನ್ನಡ ಬರುವ ಒಬ್ಬಳು ಬಿಡಿಸಿ ಹೇಳಿದಳು. ಹರ್ಷಿಣಿ ಈ ಸಲ ನಕ್ಕಳು.

ಬಸ್ಸು ಹತ್ತುವ ಮೊದಲು ನಫೀಸ ಟೀಚರ್ ಐರಿನ್‌ಳ ಹತ್ತಿರ ಬಂದಳು. "ನಿಮ್ಮ ಆರನೇ ನಂಬರಿನವಳು, ಆ ಕ್ಯಾಪ್ಟನ್, ಗಟ್ಟಿ ಉಂಟು ಟೀಚರ್. ನವೆಂಬರಿನಲ್ಲಿ ನಮ್ಮಲ್ಲಿಗೆ ಬನ್ನಿ. ನಾನೇ ಕರೆಯುತ್ತಿದ್ದೇನೆ ನೋಡಿ, ನೀವು ಬೇಡಬೇಕಾಗಿಲ್ಲ."

ಐರಿನ್‌ಗೆ ನಾಲಿಗೆಯ ತುದಿಯಲ್ಲಿ 'ಬರುತ್ತೇವೆ' ಬಂದಿತ್ತು. ಜೂನಿನಿಂದ ಯಾರಾದರೂ ಹೀಗೆ ಒಂದು ಮಾತು ಹೇಳಲಿ ಎಂದು ಅವಳು ಕಾದಿದ್ದಳು. ದೊಡ್ಡವರು ತಾವಾಗಿ ಕರೆಯುವುದು ಎರಡು ಸಲ ಆಗುವುದಿಲ್ಲ.

"ಒಂದು ನಿಮಿಷ," ಎಂದಳು. ತಟ್ಟೆ ತೊಳೆಯುತ್ತಿದ್ದ ಹುಡುಗಿಯರನ್ನು ನಳ್ಳಿಯ ಹತ್ತಿರ ಹೋಗಿ ಕೇಳಿದಳು. "ನವೆಂಬರಿನಲ್ಲಿ ಅವರ ಊರಿಗೆ ಕರೆಯುತ್ತಿದ್ದಾರೆ. ಹೋಗುವುದಾ? ನನ್ನ ಮುಖ ನೋಡಬೇಡಿ. ನೀವೇ ಹೇಳಿ."

ಶಾರ್ಲೆಟ್ ತನ್ನ ಊದಿದ ಬೆರಳು ನೋಡಿಕೊಂಡಳು. ಹರ್ಷಿಣಿ ನಳ್ಳಿ ನಿಲ್ಲಿಸಿದಳು.

"ಬೇಡ ಮಿಸ್. ಈ ವರ್ಷ ಬೇಡ. ಇವರು ಒಳ್ಳೆಯವರು, ಅದಕ್ಕಲ್ಲ. ಇನ್ನೊಂದು ಸಲ ಹೀಗೆ ಸೋತರೆ ಈ ಕಡೆಯ ಮೂವರು ಬಿಡುತ್ತಾರೆ. ಕೇಳಿ ನೋಡಿ."

ಮೂವರೂ ನೆಲ ನೋಡಿದರು. ಇಲ್ಲ ಎನ್ನಲಿಲ್ಲ.

ಐರಿನ್ ಬಸ್ಸಿನವರೆಗೆ ನಿಧಾನವಾಗಿ ನಡೆದಳು. "ಈ ವರ್ಷ ಆಗುವುದಿಲ್ಲ ಟೀಚರ್," ಎಂದಳು. "ನನ್ನವರು ಬೇಡ ಅಂದರು." ನಫೀಸ ಟೀಚರಿಗೆ ಬೇಸರವಾದದ್ದು ಕಂಡಿತು. "ಹೌದಾ," ಎಂದಳು, ಕೈ ಕುಲುಕಿದಳು, ಹತ್ತಿದಳು. ಬಸ್ಸು ಹೆದ್ದಾರಿಗೆ ತಿರುಗುವವರೆಗೆ ಒಳಗಿನಿಂದ ಹಾಡು ಕೇಳುತ್ತಿತ್ತು.

ಐರಿನ್ ನಳ್ಳಿಯ ಕಟ್ಟೆಯ ಮೇಲೆ ಕೂತು ಶೂ ಬಿಚ್ಚಿದಳು. ಹುಡುಗಿಯರು ಅವಳು ಸಿಟ್ಟು ಮಾಡುತ್ತಾಳೆಂದು ಕಾದು ನಿಂತಿದ್ದರು. ಸಿಟ್ಟು ಮಾಡುವುದಕ್ಕೂ ಶಕ್ತಿ ಬೇಕು.

"ಅದೇ ನಾಲ್ಕು ಕಾಲೇಜಿನವರ ಜೊತೆ ನಾನು ಆಡಿಸುವುದಿಲ್ಲ," ಎಂದಳು. "ಅದು ಬಿಟ್ಟು ಯಾರ ಜೊತೆ ಬೇಕು? ಹೇಳಿ, ನಾಳೆಯಿಂದ ಫೋನ್ ಮಾಡುತ್ತೇನೆ."

"ಬ್ರಹ್ಮಾವರದ ಕಡೆ ಒಂದು ಟೀಮು ಉಂಟು ಮಿಸ್," ಎಂದಳು ಕ್ಯಾರೆನ್. "ನನ್ನ ಕಸಿನ್ ಆಡುತ್ತಾಳೆ."

"ಅವರಾ? ಅವರು ಚೆಂಡು ಬಿಟ್ಟು ಕಾಲಿಗೇ ಹೊಡೆಯುತ್ತಾರೆ," ಎಂದಳು ಶಾರ್ಲೆಟ್.

"ಹೊಡೆಯಲಿ. ನಿನಗೆ ಕಾಲಿಲ್ಲವಾ?"

"ನನಗೆ ಕಾಲುಂಟು, ನಿನ್ನ ಕಸಿನ್‌ಗೆ ನಾಚಿಕೆ ಉಂಟಾ ಕೇಳು ಮೊದಲು."

"ಹತ್ತಿರ ಹತ್ತಿರದ ಟೀಮು ಮಿಸ್," ಎಂದಳು ಹರ್ಷಿಣಿ, ಗಲಾಟೆಯ ನಡುವೆ. "ಗೆಲ್ಲುತ್ತೇವಾ ಸೋಲುತ್ತೇವಾ ಅಂತ ಹಿಂದಿನ ದಿನ ನಿದ್ದೆ ಬರಬಾರದು. ಅಂಥವರು."

ಆರು ಮಂದಿ ಒಟ್ಟಿಗೆ ಮಾತಾಡತೊಡಗಿದರು. ಐರಿನ್ ಬರಿಗಾಲನ್ನು ಒದ್ದೆ ಸಿಮೆಂಟಿನ ಮೇಲೆ ಚಾಚಿ, ಕಣ್ಣು ಮುಚ್ಚಿ ಕೇಳುತ್ತಾ ಕೂತಳು. ಯಾರು ಏನು ಹೇಳುತ್ತಿದ್ದಾರೆ ಎಂದು ಪೂರ್ತಿ ತಿಳಿಯುತ್ತಿರಲಿಲ್ಲ. ನಡುನಡುವೆ ಕಣ್ಣು ತೆರೆಯದೆಯೇ, "ಒಬ್ಬೊಬ್ಬರಾಗಿ," ಎನ್ನುತ್ತಿದ್ದಳು.